ನಿಲ್ಲಿಸಿದ ತುಂಡನ್ನು ಮುಟ್ಟಬಾರದು

ಜೂನ್ ೧೧

ಅಪ್ಪಾ,

ಬಂದು ತಲುಪಿದೆ. ಊಟ ಪರವಾಗಿಲ್ಲ, ಹಾಸಿಗೆ ಪರವಾಗಿಲ್ಲ, ಮೈಯಲ್ಲಿ ಹುಷಾರಾಗಿದ್ದೇನೆ. ಅಮ್ಮನಿಗೆ ಇಷ್ಟನ್ನು ಗಟ್ಟಿಯಾಗಿ ಓದಿ ಹೇಳು, ಉಳಿದದ್ದನ್ನು ನೀನು ಓದಿಕೋ.

ನನ್ನನ್ನು ನಕ್ಷೆಕೋಣೆಗೆ ಹಾಕಿದ್ದಾರೆ. ಕೋಣೆಯ ತುಂಬ ಒಂದೇ ಮೇಜು, ಅದರ ಮೇಲೆ ಹಾಸಿದ ನಕ್ಷೆ, ನಕ್ಷೆಯ ಮೇಲೆ ಸೀಸದ ಸಿಪಾಯಿಗಳು. ನಗಬೇಡ. ನಮ್ಮ ಮೀಸೆ ಚಿಕ್ಕವನಿದ್ದಾಗ ಆಟಿಕೆ ಅಂಗಡಿಯ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದನಲ್ಲ, ಅಂಥವೇ. ಕೆಂಪು ಕೋಟು, ಹೊಳೆಯುವ ಗುಂಡಿ, ಕೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಂದೂಕು. ಹಿಂದೆ ಇದ್ದ ಯಾವನೋ ಅಧಿಕಾರಿಯ ಶೋಕಿಯಂತೆ. ಫೋನಿನಲ್ಲಿ ಸುದ್ದಿ ಬರುತ್ತದೆ, ಗುಮಾಸ್ತರು ಬರೆದುಕೊಳ್ಳುತ್ತಾರೆ, ನಾನು ಉದ್ದ ಕೋಲಿನಿಂದ ಸಿಪಾಯಿಯನ್ನು ತಳ್ಳುತ್ತೇನೆ. ವರ್ಷಗಟ್ಟಲೆ ನಿನ್ನ ಬಡಗಿ ಅಂಗಡಿಯ ಮೂಲೆಯಲ್ಲಿ ಈ ತಮ್ಮನ ಜೊತೆ ಯುದ್ಧದಾಟ ಆಡಿದ್ದು ವ್ಯರ್ಥವಾಗಲಿಲ್ಲ ನೋಡು, ಅದಕ್ಕೇ ಸಂಬಳ ಸಿಗುವ ಕೆಲಸ ಸಿಕ್ಕಿದೆ.

ಆದರೆ ಈ ಗೊಂಬೆಗಳು ಪ್ರಯೋಜನಕ್ಕಿಲ್ಲ. ಕೋಲು ತಾಗಿದರೆ ಬೀಳುತ್ತವೆ, ಒಂದರ ಬಂದೂಕು ಇನ್ನೊಂದರ ತೋಳಿಗೆ ಸಿಕ್ಕಿಕೊಳ್ಳುತ್ತದೆ, ಮೇಜಿನ ಆ ತುದಿಯಲ್ಲಿ ನಿಂತರೆ ಯಾವುದು ಯಾರೆಂದೇ ತಿಳಿಯುವುದಿಲ್ಲ. ನಮ್ಮ ಹಿರಿಯ ಅಧಿಕಾರಿಗೆ ನಾವು ಇಟ್ಟ ಹೆಸರು ಕೋಲುಸಾಹೇಬರು. ನಿನ್ನೆ ಅವರು ತಾಳ್ಮೆ ಕಳೆದುಕೊಂಡು, ಇದೇನು ಮದುವೆ ಮನೆಯೋ ಅಂದರು. ನಾನು ಬಾಯಿ ತಪ್ಪಿ ಹೇಳಿಬಿಟ್ಟೆ, ನಮ್ಮ ಮನೆಯಲ್ಲಿ ಮರದ ತುಂಡುಗಳಿಂದ ಆಡುತ್ತೇವೆ, ಅಪ್ಪ ಮಾಡಿಕೊಟ್ಟದ್ದು ಅಂತ. ನಿಮ್ಮ ತಂದೆ ಇಲ್ಲಿಗೂ ಮಾಡಿಕೊಡುತ್ತಾರಾ ಎಂದು ಕೇಳಿದರು. ಅಳತೆ ಇದರೊಂದಿಗಿದೆ. ಬೇಗ ಬೇಕಂತೆ.

ಅಂಗಡಿಯಲ್ಲಿ ಬಿಟ್ಟು ಬಂದ ನಮ್ಮ ಆಟದಲ್ಲಿ ನನ್ನ ನಡೆ: ಎಡಗಡೆಯ ಎರಡೂ ತುಂಡುಗಳನ್ನು ತೊರೆ ದಾಟಿಸು. ಮೀಸೆಯ ನಡೆ ಬಂದ ಮೇಲೆಯೇ ದಾಳ ಹಾಕು, ಮೊದಲೇ ಹಾಕಿ ಅವನ ಕಡೆ ವಾಲಬೇಡ. ಅವನ ತುಕಡಿ ಎಲ್ಲಿದೆಯೆಂದು ನನ್ನನ್ನು ಕೇಳಬೇಡಿ. ಮೇಜಿನ ಮೇಲೆ ಕಾಣುತ್ತದೆ, ಬರೆಯುವಂತಿಲ್ಲ.

ನಿನ್ನ ಮಗಳು

ಜುಲೈ ೨

ಮಗಳೇ,

ತುಂಡುಗಳನ್ನು ಕಳಿಸಿದ್ದೇನೆ. ಒಣಗಿದ ಗಟ್ಟಿ ಮರ, ಹಳೇ ಬಾಗಿಲ ಚೌಕಟ್ಟಿನದು. ಎಲ್ಲ ಮೈಗೂ ಕೀಸುಳಿ ಹಾಕಿ ಮಟ್ಟ ಮಾಡಿ, ಉಪ್ಪುಕಾಗದದಲ್ಲಿ ಉಜ್ಜಿದ್ದೇನೆ. ಅಂಚುಗಳ ಚೂಪನ್ನು ಸ್ವಲ್ಪ ಉಜ್ಜಿ ತೆಗೆದಿದ್ದೇನೆ, ನಕ್ಷೆಯ ಕಾಗದ ಹರಿಯಬಾರದಲ್ಲ. ಕಟ್ಟುವ ಮೊದಲು ನಿನ್ನ ಅಮ್ಮ ಒಂದೊಂದನ್ನೂ ಹಲಗೆಯ ಮೇಲಿಟ್ಟು, ಮೂಲೆ ಮೂಲೆಗೂ ಬೆರಳಿನಿಂದ ಒತ್ತಿ ನೋಡಿದಳು. ಕಣ್ಣು ಮಂಜಾದ ಮೇಲೆ ಅವಳ ಬೆರಳು ಇನ್ನೂ ಚುರುಕಾಗಿದೆ. ನನ್ನ ಅಂಗಡಿಯಿಂದ ಅವಳು ಒತ್ತಿ ನೋಡದ ಸ್ಟೂಲು ಹೊರಗೆ ಹೋದದ್ದಿಲ್ಲ, ಅಲುಗಾಡಿ ವಾಪಸು ಬಂದದ್ದೂ ಇಲ್ಲ. ಇದನ್ನು ನಾನು ಜಂಬ ಕೊಚ್ಚಿಕೊಳ್ಳಲು ಬರೆಯುತ್ತಿಲ್ಲ. ಹೌದು, ಅದಕ್ಕೇ ಬರೆಯುತ್ತಿದ್ದೇನೆ.

ಆ ಸೀಸದ ಸಿಪಾಯಿಗಳಿಗಾಗಿ ಮೀಸೆ ಎಷ್ಟು ಅತ್ತಿದ್ದ! ನಾನು ಕೊಡಿಸಲಿಲ್ಲ. ಮರ ಇದ್ದ ಮನೆಯಲ್ಲಿ ಸೀಸ ಯಾಕೆ ಅಂದೆ. ಅವನು ಉಪವಾಸ ಕುಳಿತ. ಆಮೇಲೆ ತನ್ನ ತುಂಡೊಂದನ್ನು ಎತ್ತಿಕೊಂಡು ಶಾಯಿಯಲ್ಲಿ ಎರಡು ಕಣ್ಣು, ಅದರ ಕೆಳಗೆ ಕಿವಿಯಿಂದ ಕಿವಿಗೆ ಮೀಸೆ ಬರೆದ. ತುಂಡಿಗಿಟ್ಟ ಹೆಸರು ಅವನಿಗೇ ಅಂಟಿಕೊಂಡಿತು. ಈಗ ನಿಜವಾದ ಮೀಸೆ ಬಂದಿದೆ, ಆದರೂ ಆ ತುಂಡಿನದರಷ್ಟು ಚೆನ್ನಾಗಿಲ್ಲ.

ಪೊಟ್ಟಣದಲ್ಲಿ ಅದೂ ಇದೆ. ನಮ್ಮ ಆಟದಲ್ಲಿ ನೀನು ಅದನ್ನು ಮೊದಲ ವಾರವೇ ಹೊಡೆದು ಡಬ್ಬಕ್ಕೆ ಹಾಕಿದ್ದೆ, ಸುಮ್ಮನೆ ಬಿದ್ದಿತ್ತು. ಜೊತೆಗಿರಲಿ ಎಂದು ಹಾಕಿದೆ. ಅಮ್ಮ ಬೈದಳು, ಸತ್ತ ತುಂಡನ್ನು ಯಾಕೆ ಕಳಿಸುತ್ತೀರಿ ಎಂದು. ಅವಳಿಗೆ ಎಲ್ಲದರಲ್ಲೂ ಏನಾದರೊಂದು ಕಾಣುತ್ತದೆ.

ಮೀಸೆಯ ನಡೆ ಬಂತು. ನಿನ್ನ ತೊರೆಯ ತುಂಡುಗಳ ಮೇಲೆ ಬಿದ್ದಿದ್ದಾನೆ. ದಾಳ ಅವನ ಕಡೆಗೇ ಬಿತ್ತು, ನಾನು ವಾಲಲಿಲ್ಲ. ನಿನ್ನ ಒಂದು ತುಂಡು ಸುಸ್ತಾಗಿದೆ, ನಿಲ್ಲಿಸಿಟ್ಟಿದ್ದೇನೆ. ಮುಂದಿನ ಸರದಿಯವರೆಗೆ ನೀನೂ ಅದನ್ನು ಮುಟ್ಟಬಾರದು, ಅವನೂ ಮುಟ್ಟಬಾರದು. ಮನೆಯ ಕಾನೂನು.

ನಿನ್ನ ಅಪ್ಪ

ಜುಲೈ ೨೭

ಅಪ್ಪಾ,

ನಿನ್ನ ತುಂಡುಗಳು ಬಂದ ದಿನ ಕೋಲುಸಾಹೇಬರು ಮೇಜಿನ ಸುತ್ತ ಒಂದು ಸುತ್ತು ಹೊಡೆದರು. ಆ ತುದಿಯಿಂದ ನೋಡಿದರು, ಈ ತುದಿಯಿಂದ ನೋಡಿದರು. ಈಗ ಯುದ್ಧ ಕಾಣುತ್ತಿದೆ ಅಂದರು. ಸೀಸದವರನ್ನೆಲ್ಲ ಕಪಾಟಿಗೆ ತುಂಬಿದೆವು. ತುಂಡುಗಳ ಮೇಲೆ ಸಂಖ್ಯೆಯ ಚೀಟಿ ಅಂಟಿಸಿದ್ದೇವೆ, ಒಂದೊಂದು ತುಂಡು ಒಂದೊಂದು ತುಕಡಿ. ಮಲಗಿಸಿ ತಳ್ಳಿದರೆ ಹಗುರಾಗಿ ಜಾರುತ್ತವೆ, ಬೀಳುವುದಿಲ್ಲ.

ಒಂದೇ ತೊಂದರೆ. ಇಲ್ಲಿಯ ಕಾನೂನು ನಮ್ಮದಕ್ಕೆ ತಲೆಕೆಳಗು. ನಮ್ಮಲ್ಲಿ ತುಂಡು ಮಲಗಿದ್ದರೆ ನಡೆಯುತ್ತದೆ, ದಣಿದರೆ ಎತ್ತಿ ನಿಲ್ಲಿಸುತ್ತೇವೆ. ತಳ್ಳಿದರೆ ಉರುಳುತ್ತದೆ, ಹಾಗಾಗಿ ಯಾರೂ ಮರೆತು ತಳ್ಳುವುದಿಲ್ಲ ಎಂದು ನೀನು ಹೇಳಿದ್ದು ನೆನಪಿದೆ. ಇಲ್ಲಿ ದಣಿದು ವಿಶ್ರಾಂತಿಗೆ ಬಂದ ತುಕಡಿಯನ್ನು ಮಲಗಿಸುತ್ತಾರೆ, ಹೊರಡಲು ತಯಾರಿರುವುದನ್ನು ನಿಲ್ಲಿಸುತ್ತಾರೆ. ಯೋಚಿಸಿದರೆ ಇದೇ ಸರಿ, ಮನುಷ್ಯರು ಮಲಗುವುದು ಹಾಗೆಯೇ ತಾನೆ. ಆದರೆ ಕೈ ಕೇಳಬೇಕಲ್ಲ. ಮೊದಲ ದಿನಗಳಲ್ಲಿ ಎಷ್ಟೋ ಸಲ ತಪ್ಪು ಮಾಡಿ, ನಾಲಿಗೆ ಕಚ್ಚಿಕೊಂಡು ಸರಿಮಾಡಿದೆ. ಈಗ ರೂಢಿಯಾಗಿದೆ.

ಮೊನ್ನೆ ಒಂದು ತುಂಡು ಯಾರದೋ ಬೂಟಿನ ಕೆಳಗೆ ಸಿಕ್ಕಿ ಸೀಳಿತು. ಹೊಸದಕ್ಕೆ ಬರೆಯುವವರೆಗೆ ಬದಲಿಗೆ ಬೇಕಿತ್ತು. ಮೀಸೆ ಬರೆದ ತುಂಡನ್ನು ಹಾಕಿದೆ. ಯಾವ ತುಕಡಿಗೆ ಎಂದು ನೀನೇ ತಿಳಿದುಕೋ. ಚೀಟಿ ಅಂಟಿಸಿದರೂ ಮೀಸೆಯ ತುದಿಗಳು ಎರಡೂ ಕಡೆ ಇಣುಕುತ್ತವೆ. ಗುಮಾಸ್ತರು ನೋಡಿ, "ಮುಖ ಇರೋದನ್ನ ಮೇಜಿನ ಮೇಲೆ ಇಡಬೇಡಮ್ಮ, ಕಣ್ಣು ಅಲ್ಲೇ ಹೋಗುತ್ತೆ" ಅಂದರು. ಹೋಗಲಿ ಬಿಡಿ, ಅದಕ್ಕೇ ಇಟ್ಟಿರುವುದು ಅಂದೆ.

ಮನೆಯಲ್ಲಿ ಹೊಡೆದ ತುಂಡನ್ನು ಡಬ್ಬಕ್ಕೆ ಎಸೆದರೆ ಟಣ್ ಎನ್ನುತ್ತಿತ್ತು, ಗೆದ್ದವರು ಕೇಕೆ ಹಾಕುತ್ತಿದ್ದೆವು. ಇಲ್ಲಿಯ ಡಬ್ಬದ ಒಳಗೆ ಬಟ್ಟೆ ಹಾಸಿದ್ದಾರೆ. ಸದ್ದಾಗಬಾರದು ಅಂತ. ಈ ತಿಂಗಳು ಅದರಲ್ಲಿ ಬಹಳ ತುಂಡುಗಳಿವೆ. ಅಮ್ಮನಿಗೆ ಇದನ್ನು ಓದಬೇಡ.

ನಿನ್ನ ಮಗಳು

ಆಗಸ್ಟ್ ೧೯

ಮಗಳೇ,

ಆ ತುಂಡನ್ನು ಮೇಜಿನಿಂದ ತೆಗೆದು ಜೇಬಿನಲ್ಲಿ ಇಟ್ಟುಕೋ. ಹೊಸದು ಮಾಡಿ ಇದರ ಜೊತೆಗೇ ಕಳಿಸಿದ್ದೇನೆ. ನಾನು ಅದನ್ನು ಕಳಿಸಿದ್ದು ನಿನ್ನ ಜೊತೆಗಿರಲಿ ಎಂದು, ಕೆಲಸಕ್ಕೆ ಹಚ್ಚಲಿ ಎಂದಲ್ಲ. ಮತ್ತೆ ಆ ನಿಲ್ಲಿಸುವ ಮಲಗಿಸುವ ವಿಷಯ, ಹುಷಾರು. ತಲೆ ಒಂದೇ ದಿನಕ್ಕೆ ಕಲಿಯುತ್ತದೆ, ಕೈ ಹಾಗಲ್ಲ. ನಾನು ಗರಗಸ ಬದಲಾಯಿಸಿದಾಗ ಹಳೆಯದರ ಹಿಡಿತದಲ್ಲೇ ಹೊಸದನ್ನು ಹಿಡಿದು ಹೆಬ್ಬೆರಳು ಕೊಯ್ದುಕೊಂಡದ್ದು ನಿನಗೆ ಗೊತ್ತು.

ಮೀಸೆ ಬರೆದಿದ್ದಾನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಲು ಊದಿದೆಯಂತೆ, ಬೂಟು ಬಿಚ್ಚಿ ಎಷ್ಟು ದಿನವಾಯಿತೋ ಎಂದು ಬರೆದಿದ್ದಾನೆ. ಸೇತುವೆಯ ಹತ್ತಿರ ಕುಳಿತಿದ್ದಾರಂತೆ, ಇನ್ನೇನು ಹಿಂದಕ್ಕೆ ಕರೆಸಿಕೊಂಡು ಮಲಗಲು ಬಿಡುತ್ತಾರೆ ಅಂತ ಹೇಳಿದ್ದಾರಂತೆ. ಸೇತುವೆ ಎಂಬ ಪದವನ್ನು ಯಾರೋ ಕಪ್ಪು ಮಾಡಿದ್ದಾರೆ, ಬೆಳಕಿಗೆ ಹಿಡಿದರೆ ಓದಬಹುದು.

ಅವನ ನಡೆಯನ್ನೂ ಕಳಿಸಿದ್ದಾನೆ. ಎಲ್ಲ ತುಂಡುಗಳನ್ನೂ ಹಿಂದಕ್ಕೆ ತೆಗೆದುಕೋ ಎಂದಿದ್ದಾನೆ. ಗೆಲ್ಲುತ್ತಿದ್ದವನು! ಅವನು ಹುಟ್ಟಿದಾಗಿನಿಂದ ಒಂದು ತುಂಡನ್ನೂ ಹಿಂದಕ್ಕೆ ತೆಗೆದವನಲ್ಲ. ನಾನು ತೆಗೆದಿದ್ದೇನೆ. ಅಂಗಡಿಗೆ ಹೋದಾಗಲೆಲ್ಲ ಖಾಲಿಯಾದ ಆ ಅರ್ಧ ಹಲಗೆ ಕಣ್ಣಿಗೆ ಬಿದ್ದು ಮನಸ್ಸು ಕೆಡುತ್ತದೆ.

ಅವನಿಗೆ ರಜೆ ಸಿಗುತ್ತದಾ ಎಂದು ಅಮ್ಮ ಕೇಳುತ್ತಿದ್ದಾಳೆ. ಬರೆಯುವಂತಿಲ್ಲ ಎಂದು ಗೊತ್ತು. ಹೌದಾದರೆ ಪತ್ರದ ಕೊನೆಗೆ ಒಂದು ಗೆರೆ ಎಳೆ.

ನಿನ್ನ ಅಪ್ಪ

ಸೆಪ್ಟೆಂಬರ್ ೮

ಅಪ್ಪಾ,

ಹೊಸ ತುಂಡು ತಲುಪಿತು. ಆರೋಗ್ಯವಾಗಿದ್ದೇನೆ. ಬರೆಯಲು ಬಿಡುವಿಲ್ಲ. ಈ ಸಲ ನನ್ನ ನಡೆ ಇಲ್ಲ.

ಮಗಳು

ಅಕ್ಟೋಬರ್ ೩

ಮಗಳೇ,

ನಿನಗೆ ಗೊತ್ತಿರಲೇಬೇಕು. ಇಬ್ಬರು ಬಂದಿದ್ದರು, ಸಮವಸ್ತ್ರದವರು. ನಾನು ಕಿಟಕಿ ಚೌಕಟ್ಟಿಗೆ ಅಂಟು ಹಚ್ಚುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ನನ್ನ ಹೆಸರು ಕೇಳಿದಾಗಲೇ ತಿಳಿಯಿತು. ಒಂದು ನಿಮಿಷ ತಡೆಯಿರಿ, ಅಂಟು ಒಣಗಿಬಿಡುತ್ತದೆ ಅಂದೆ. ಚೌಕಟ್ಟು ಸೇರಿಸಿ, ಹಗ್ಗ ಬಿಗಿದು, ಕೈ ಒರೆಸಿಕೊಂಡೆ. ಅವರು ಪಾಪ ನಿಂತೇ ಇದ್ದರು. ಆ ಒಂದು ನಿಮಿಷ ನನಗೆ ಮಗ ಇದ್ದ.

ಅಮ್ಮ ಅಳಲಿಲ್ಲ. ಅವನ ಅಂಗಿಗಳನ್ನೆಲ್ಲ ಒಗೆದು ಹಾಕಿದಳು, ಒಗೆದವೇ ಇದ್ದವು. ಈಗ ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ. ಅವನು ಹೋದದ್ದು ಸೇತುವೆಯ ಮೇಲೆ ಎಂದು ಬಂದವರು ಹೇಳಿದರು, ಆದರೆ ಸೇತುವೆಯಿಂದ ಅವರನ್ನು ಹಿಂದಕ್ಕೆ ಕರೆಸಿಕೊಂಡಾಗಿತ್ತು. ಅವನೇ ಒಂದು ಚೂರು ಕಾಗದದಲ್ಲಿ ಬರೆದಿದ್ದ, ಬಂದೆವು, ಬೂಟು ಬಿಚ್ಚಿದೆ, ಮಲಗುತ್ತೇನೆ ಅಂತ. ಅದು ಇವರಿಬ್ಬರು ಬಂದು ಹೋದ ಮೇಲೆ ನಮ್ಮ ಕೈ ಸೇರಿತು. ಅದನ್ನು ಓದಿದಾಗ ಅಮ್ಮ ಹೇಳಿದ್ದು ಹೀಗೆ: "ಮಲಗಿದ್ದ ಮಕ್ಕಳನ್ನ ಯಾಕೆ ಎಬ್ಬಿಸಿ ಕಳಿಸಿದ್ರು? ಅವಳಿಗೆ ಬರೀರಿ. ಅವಳು ಅಲ್ಲೇ ಇದ್ದಾಳಲ್ಲ, ಕೇಳಿ ಹೇಳ್ತಾಳೆ."

ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಗೊತ್ತಿದ್ದರೆ ಕೇಳಿ ನೋಡು. ಕಾರಣ ಯಾವುದಾದರೂ ಆಗಲಿ, ಅವಳಿಗೆ ಹಿಡಿದುಕೊಳ್ಳಲು ಒಂದು ಬೇಕು.

ನಮ್ಮ ಆಟವನ್ನು ಎತ್ತಿಡಲು ಮನಸ್ಸು ಬರಲಿಲ್ಲ. ಮೀಸೆಯ ಕಡೆಯ ತುಂಡುಗಳನ್ನೆಲ್ಲ ಎತ್ತಿ ನಿಲ್ಲಿಸಿದ್ದೇನೆ. ಯಾರೂ ಮುಟ್ಟುವುದಿಲ್ಲ.

ನಿನ್ನ ಅಪ್ಪ

ಅಕ್ಟೋಬರ್ ೨೧

ಅಪ್ಪಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಲಾರಿಯ ಚಾಲಕ ಆ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಅಂಗಡಿಯ ಬಾಗಿಲು ಹಾಕಿಕೊಂಡು ಓದು.

ಅಮ್ಮ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತು. ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ನೀನು ಹೇಳಿದ ಮೇಲೂ ನಾನು ಆ ತುಂಡನ್ನು ಮೇಜಿನಿಂದ ತೆಗೆಯಲಿಲ್ಲ. ಕಣ್ಣೆದುರಿಗೆ ಇರಲಿ ಅನ್ನಿಸಿತ್ತು. ನಿನಗೆ ಆ ಚಿಕ್ಕ ಪತ್ರ ಬರೆಯುವ ಎರಡು ದಿನ ಮೊದಲು, ಮಧ್ಯಾಹ್ನ, ಮೀಸೆಯ ತುಕಡಿ ಹಿಂದಕ್ಕೆ ಬಂತೆಂದು ಫೋನು ಬಂತು. ಬೆಳಗಿನಿಂದ ನಿಂತೇ ಇದ್ದೆ, ನನ್ನ ಬದಲಿಯವಳು ಬಂದಿರಲಿಲ್ಲ. ಸೇತುವೆಯ ಬಳಿಯಿಂದ ತುಂಡನ್ನು ಮಲಗಿಸಿ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಕೋಲು ಬಿಟ್ಟು ಕೈಯಲ್ಲೇ ಎತ್ತಿದೆ. ಎತ್ತಿ, ನಿಲ್ಲಿಸಿದೆ.

ಉಳಿದ ಎಲ್ಲ ತುಂಡುಗಳಿಗೂ ಇಲ್ಲಿಯ ಕೈ ಬಂದಿತ್ತು ಅಪ್ಪ. ಅದೊಂದಕ್ಕೆ ಮನೆಯ ಕೈ ಬಂತು. ನಿಲ್ಲಿಸಿದಾಗ ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ? ಸದ್ಯ, ಇನ್ನು ಇವನನ್ನು ಯಾರೂ ಮುಟ್ಟುವುದಿಲ್ಲ ಅಂದುಕೊಂಡೆ. ಅಂದುಕೊಂಡು, ಬದಲಿಯವಳು ಬಂದೊಡನೆ ಊಟಕ್ಕೆ ಹೋದೆ. ತಿಂಗಳುಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಬರುವ ಹೊತ್ತಿಗೆ ತುಂಡು ಸೇತುವೆಯ ಮೇಲಿತ್ತು. ಸೇತುವೆ ಕೈತಪ್ಪುತ್ತಿದೆ ಎಂದು ಸುದ್ದಿ ಬಂದಿತಂತೆ, ಹತ್ತಿರದಲ್ಲಿ ಯಾರು ತಯಾರಿದ್ದಾರೆಂದು ಕೋಲುಸಾಹೇಬರು ನೋಡಿದರಂತೆ. ಒಂದೇ ತುಂಡು ನಿಂತಿತ್ತು. ಆ ಕಡೆಯವರು ಫೋನಿನಲ್ಲಿ ಈಗತಾನೆ ಬಂದಿದ್ದೇವೆ ಎಂದು ಏನೋ ಹೇಳಿದರಂತೆ. ಮೇಜಿನ ಮೇಲೆ ನೀವು ತಯಾರಿದ್ದೀರಿ ಎಂದು ಇವರು ಹೇಳಿದರಂತೆ.

ನಾನು ಹೇಳಿದೆ, "ಸರ್, ಅದು ವಿಶ್ರಾಂತಿಗೆ ಬಂದಿತ್ತು."

"ನಿಂತಿತ್ತಲ್ಲ?" ಅಂದರು.

"ಹೌದು, ನಿಂತಿತ್ತು" ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಇನ್ನು ವಾಪಸು ಕರೆಯಲಾಗುವುದಿಲ್ಲ ಅಂದರು. ಸಂಜೆ ಗುಮಾಸ್ತರು ಆ ತುಂಡನ್ನು ಎತ್ತಿ, ಬಟ್ಟೆ ಹಾಸಿದ ಡಬ್ಬಕ್ಕೆ ಹಾಕದೆ, ನನ್ನ ಅಂಗೈಗೆ ಇಟ್ಟರು. ನಿಲ್ಲಿಸಿದ್ದು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳುವುದೂ ಇಲ್ಲ. ಇಲ್ಲಿ ದಿನವೂ ಏನೇನೋ ಆಗುತ್ತದೆ.

ನಿನ್ನ ಪತ್ರದಲ್ಲಿ, ಎಲ್ಲವನ್ನೂ ನಿಲ್ಲಿಸಿದ್ದೇನೆ, ಯಾರೂ ಮುಟ್ಟುವುದಿಲ್ಲ ಎಂದು ಓದಿದ ಮೇಲೆ ನನಗೆ ಬರೆಯದೆ ಇರಲಾಗಲಿಲ್ಲ. ಮುಂದಿನ ತಿಂಗಳು ರಜೆ ಕೊಡುತ್ತಾರೆ. ನಾನು ಬರುವುದಿಲ್ಲ. ಇಲ್ಲೇ ಎಲ್ಲಾದರೂ ಇದ್ದುಬಿಡುತ್ತೇನೆ. ಅಮ್ಮನಿಗೆ ಏನು ಹೇಳುತ್ತೀಯೋ ಅದು ನಿನಗೆ ಬಿಟ್ಟದ್ದು. ಅವಳ ಎದುರು ಕುಳಿತು ಅವಳು ಬಡಿಸಿದ್ದನ್ನು ಉಣ್ಣಲು ನನ್ನಿಂದಾಗದು.

ಮಗಳು

ನವೆಂಬರ್ ೬

ಮಗಳೇ,

ನಿನ್ನ ಪತ್ರ ಓದಿ ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆಟದ ಹಲಗೆಯನ್ನು ಎತ್ತಿ ಗೋಡೆಗೆ ಬಡಿದೆ. ತುಂಡುಗಳೆಲ್ಲ ಕೀಸಿದ ಹೊಟ್ಟಿನೊಳಗೆ ಚೆಲ್ಲಿ ಹೋದವು. ಆಮೇಲೆ ನೆಲದ ಮೇಲೆ ಕುಳಿತು ಒಂದೊಂದನ್ನೇ ಹುಡುಕಿ ಎತ್ತಿದೆ. ಹುಡುಕುತ್ತಾ ಹುಡುಕುತ್ತಾ ಅತ್ತೆ. ನಿನ್ನವು ಯಾವುವು, ಅವನವು ಯಾವುವು ಎಂದು ಬೇರೆ ಮಾಡಲು ಆಗಲಿಲ್ಲ. ಎರಡೂ ಕಡೆಯವನ್ನು ಮಾಡಿದ್ದು ಒಂದೇ ಮರದಲ್ಲಿ.

ಸದ್ದು ಕೇಳಿ ಅಮ್ಮ ಬಂದಳು. ಚಾಲಕ ಪತ್ರ ಕೊಟ್ಟದ್ದು ಅವಳಿಗೆ ಗೊತ್ತಿತ್ತು, ಓದಿ ಅಂದಳು. ಓದಿದೆ. ಹೇಗೆ ಓದಿದೆ ಎಂದು ಈಗ ಬರೆಯುತ್ತೇನೆ, ನೆನಪಿಟ್ಟುಕೋ.

ಮೀಸೆ ಬರೆದ ಆ ತುಂಡು ನಾನು ಮೊಟ್ಟಮೊದಲು ಮಾಡಿದವುಗಳಲ್ಲಿ ಒಂದು. ಆಟಿಕೆ ತಾನೆ ಎಂದು ಅದರ ಒಂದು ಮೈಗೆ ನಾನು ಕೀಸುಳಿ ಸರಿಯಾಗಿ ಹಾಕಿರಲಿಲ್ಲ. ಮಲಗಿಸಿದರೆ ಅಲುಗಾಡುತ್ತದೆ. ನೀನು ಮಲಗಿಸಿಯೇ ಹೋಗಿದ್ದೆ. ಅಲುಗಾಡುವ ತುಂಡನ್ನು ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ, ಓಡಾಡುವವರು ಯಾರೋ ಎತ್ತಿ ನಿಲ್ಲಿಸಿದ್ದಾರೆ. ಮೇಲಿನವರು ನೋಡಿದ್ದಾರೆ, ಕಳಿಸಿದ್ದಾರೆ. ನಡೆದದ್ದು ಇಷ್ಟು. ಬೇರೆ ಏನೂ ನಡೆದಿಲ್ಲ. ತಪ್ಪಿದ್ದರೆ ಅದು ನನ್ನ ಕೀಸುಳಿಯದು.

ಅಮ್ಮ ಇಷ್ಟು ವರ್ಷ ನನ್ನ ಕೆಲಸವನ್ನೆಲ್ಲ ಒತ್ತಿ ನೋಡಿದವಳು, ಒಮ್ಮೆಯೂ ಕೊರತೆ ಹೇಳಿದವಳಲ್ಲ. ಈಗ ಹೇಳಿದ್ದು ಇಷ್ಟೇ: "ಆ ತುಂಡನ್ನ ತರೋಕೆ ಹೇಳಿ. ಅವಳೇ ತರ್ಲಿ." ಅಷ್ಟು ಹೇಳಿ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಆ ಇಬ್ಬರು ಬಂದು ಹೋದ ಮೇಲೆ ಅವಳೇ ಒಲೆ ಹಚ್ಚಿದ್ದು ಅದೇ ಮೊದಲು.

ನನಗಿದ್ದವರು ಇಬ್ಬರು. ಒಬ್ಬನನ್ನು ಅವರು ಡಬ್ಬಕ್ಕೆ ಹಾಕಿದರು. ಇನ್ನೊಬ್ಬಳನ್ನು ನಾನೇ ಹಾಕಲಾರೆ. ರಜೆ ಕೊಟ್ಟ ದಿನವೇ ಹೊರಟು ಬಾ.

ನಿನ್ನ ಅಪ್ಪ

ನವೆಂಬರ್ ೧೮

ಅಪ್ಪಾ,

ನೀನು ಬರೆದದ್ದನ್ನು ಓದಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಆ ತುಂಡನ್ನು ಮೇಜಿನ ಮೇಲೆ ಮಲಗಿಸಿ ನೋಡಿದೆ. ಆರೂ ಮೈಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೂಲೆ ಮೂಲೆಗೂ ಬೆರಳಿಟ್ಟು ಒತ್ತಿದೆ. ಒಂದು ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ನಿನಗೆ ಗೊತ್ತು.

ಗುರುವಾರ ಹೊರಡುತ್ತೇನೆ. ತುಂಡು ಜೇಬಿನಲ್ಲಿದೆ. ಬಸ್ಸಿಳಿದು ನೇರವಾಗಿ ಮನೆಗೆ ಬರುವುದಿಲ್ಲ, ಹಿಂದಿನ ಬಾಗಿಲಿನಿಂದ ಮೊದಲು ಅಂಗಡಿಗೆ ಬರುತ್ತೇನೆ. ಅಮ್ಮ ಅದನ್ನು ಒತ್ತಿ ನೋಡುವ ಮೊದಲು ನಮಗೆ ಕೆಲಸವಿದೆ, ಕೀಸುಳಿ ತೆಗೆದಿಟ್ಟಿರು.

ನಿನ್ನ ಮಗಳು